ಸಂಪತ್ತು ತೆರಿಗೆಯಿಂದ ಎಷ್ಟು ಹಣ ಬಂದೀತು: ಒಂದು ಹಾಳೆಯಲ್ಲಿ ಲೆಕ್ಕ ಹಾಕುವ ಕ್ರಮ

ಮುಂಬಯಿಯ ಮಾಟುಂಗದಲ್ಲಿ ನಾವು ಕೆಲವರು ಭಾನುವಾರ ಬೆಳಿಗ್ಗೆ ಕಾಫಿಗೆ ಸೇರುವಾಗ, ಮಹಿಳೆಯರಿಗೆ ತಿಂಗಳು ತಿಂಗಳು ಹಣ ಕೊಡುವ ಮಹಾರಾಷ್ಟ್ರದ ಲಾಡಕಿ ಬಹೀಣ್ ಮತ್ತು ಕರ್ನಾಟಕದ ಗೃಹಲಕ್ಷ್ಮಿ ಎರಡರ ಮಾತೂ ಒಟ್ಟಿಗೇ ಬರುತ್ತದೆ, ಏಕೆಂದರೆ ಅಲ್ಲಿ ಕೂರುವವರಲ್ಲಿ ಹೆಚ್ಚಿನವರ ಸೊಸೆ ಡೊಂಬಿವಲಿಯಲ್ಲೂ ಅತ್ತಿಗೆ ಕುಂದಾಪುರದ ಕಡೆಯಲ್ಲೂ ಇದ್ದಾರೆ. ಮಾತು ಎಲ್ಲಿಂದ ಹೊರಟರೂ ಇದಕ್ಕೆಲ್ಲ ದುಡ್ಡು ಎಲ್ಲಿಂದ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಶ್ರೀಮಂತರ ಆಸ್ತಿಯ ಮೇಲೆ ಶೇ 2ರಷ್ಟು ತೆರಿಗೆ ಹಾಕಿದರೆ ಸಾಕು ಎನ್ನುವವರು ಮೇಜಿನ ಒಂದು ಬದಿಯಲ್ಲಿದ್ದರೆ, ಹಾಕಿದ ಮರುದಿನವೇ ಎಲ್ಲರೂ ದುಬೈ ವಿಮಾನ ಹತ್ತುತ್ತಾರೆ ಎನ್ನುವವರು ಇನ್ನೊಂದು ಬದಿಯಲ್ಲಿರುತ್ತಾರೆ. ಫೋರ್ಟಿನ ಒಂದು ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ, ಸಂಪತ್ತು ತೆರಿಗೆಯ ರಿಟರ್ನ್‌ಗಳನ್ನು ವರ್ಷಗಟ್ಟಲೆ ತುಂಬಿದವನಾದ್ದರಿಂದ ಎರಡೂ ಬದಿಯವರು ನನ್ನನ್ನು ಸಾಕ್ಷಿಗೆ ಕರೆಯುತ್ತಾರೆ. ನಾನು ಸಾಕ್ಷಿ ಹೇಳುವ ಬದಲು ಒಂದು ಹಾಳೆ ತೆಗೆದು ಲೆಕ್ಕ ಹಾಕುವ ಕ್ರಮವನ್ನು ತೋರಿಸುತ್ತೇನೆ. ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಇದಕ್ಕೆ ಅರ್ಥಶಾಸ್ತ್ರದ ಪದವಿ ಬೇಡ. ಗುಣಾಕಾರ ಮತ್ತು ಶೇಕಡಾವಾರು ತಿಳಿದಿದ್ದರೆ ಸಾಕು.

ಮೊದಲು ಖರ್ಚಿನ ಕಡೆಯನ್ನು ಬರೆಯಿರಿ

ಹೆಚ್ಚಿನವರು ತೆರಿಗೆಯ ದರದಿಂದ ಆರಂಭಿಸುತ್ತಾರೆ. ಅದು ತಪ್ಪು ದಾರಿ. ‘ಮಹತ್ವಾಕಾಂಕ್ಷೆಯ ಯೋಜನೆ’ ಎಂಬ ಮಾತಿಗೆ ತೂಕವಿಲ್ಲ, ಆದ್ದರಿಂದ ನಿಮ್ಮ ಮನಸ್ಸಿನಲ್ಲಿರುವ ಯೋಜನೆಯ ಹೆಸರನ್ನೂ ಅದರ ಒಂದು ವರ್ಷದ ಖರ್ಚನ್ನೂ ಹಾಳೆಯ ಎಡಭಾಗದಲ್ಲಿ ಬರೆದುಕೊಳ್ಳಿ. ಸುಮಾರು 2.4 ಕೋಟಿ ಮಹಿಳೆಯರಿಗೆ ತಿಂಗಳಿಗೆ 1,500 ರೂಪಾಯಿ ಕೊಟ್ಟರೆ ವರ್ಷಕ್ಕೆ 43,200 ಕೋಟಿ ರೂಪಾಯಿ ಬೇಕು. 2025ರ ಹೊತ್ತಿಗೆ ಲಾಡಕಿ ಬಹೀಣ್ ಯೋಜನೆಯ ಗಾತ್ರ ಸುಮಾರು ಇಷ್ಟಿತ್ತು. ಕರ್ನಾಟಕ ಸರ್ಕಾರ 2025-26ರ ಬಜೆಟ್‌ನಲ್ಲಿ ಗೃಹಲಕ್ಷ್ಮಿಗೆ 28,608 ಕೋಟಿ ಮತ್ತು ಐದೂ ಗ್ಯಾರಂಟಿಗಳಿಗೆ ಒಟ್ಟು 51,034 ಕೋಟಿ ರೂಪಾಯಿ ತೆಗೆದಿರಿಸಿತು. ಅದೇ ವರ್ಷದ ಕೇಂದ್ರ ಬಜೆಟ್‌ನಲ್ಲಿ ನರೇಗಾಕ್ಕೆ 86,000 ಕೋಟಿ, ಆಹಾರ ಸಬ್ಸಿಡಿಗೆ ಸುಮಾರು 2.03 ಲಕ್ಷ ಕೋಟಿ ಇತ್ತು, ಒಟ್ಟು ವೆಚ್ಚ 50.65 ಲಕ್ಷ ಕೋಟಿ. ಇನ್ನೂ ದೊಡ್ಡದನ್ನು, ಅಂದರೆ ಸರ್ಕಾರಿ ಆಸ್ಪತ್ರೆಗಳನ್ನೋ ಶಾಲೆಗಳನ್ನೋ ದೇಶದಾದ್ಯಂತ ಮೇಲೆತ್ತುವುದನ್ನು ಯೋಚಿಸುತ್ತಿದ್ದರೆ ಜಿಡಿಪಿಯ, ಅಂದರೆ ದೇಶದ ಒಂದು ವರ್ಷದ ಒಟ್ಟು ಉತ್ಪನ್ನದ, ಲೆಕ್ಕಕ್ಕೆ ಹೋಗಬೇಕಾಗುತ್ತದೆ. 2024-25ರಲ್ಲಿ ದೇಶದ ಜಿಡಿಪಿ ಸುಮಾರು 330 ಲಕ್ಷ ಕೋಟಿ ರೂಪಾಯಿ ಎಂಬ ಅಂದಾಜನ್ನು ಇಟ್ಟುಕೊಂಡರೆ, ಅದರ ಶೇ 1 ಎಂದರೆ 3.3 ಲಕ್ಷ ಕೋಟಿ.

ಪ್ರತಿ ಅಂಕಿಯ ಪಕ್ಕದಲ್ಲಿ ‘ವರ್ಷಕ್ಕೆ’ ಎಂದು ಬರೆಯುವುದನ್ನು ಮರೆಯಬೇಡಿ. ನಾನೇ ಒಮ್ಮೆ ಇದರಲ್ಲಿ ಎಡವಿದ್ದೇನೆ. 2019ರಲ್ಲಿ ಅಮೆರಿಕದ ಸೆನೆಟರ್ ಎಲಿಜಬೆತ್ ವಾರನ್ 5 ಕೋಟಿ ಡಾಲರ್‌ಗಿಂತ ಹೆಚ್ಚಿನ ಸಂಪತ್ತಿನ ಮೇಲೆ ಶೇ 2, ನೂರು ಕೋಟಿ ಡಾಲರ್ ದಾಟಿದ್ದಕ್ಕೆ ಶೇ 3 ತೆರಿಗೆಯ ಪ್ರಸ್ತಾವ ಇಟ್ಟಾಗ, ಅರ್ಥಶಾಸ್ತ್ರಜ್ಞರಾದ ಎಮಾನ್ಯುಯೆಲ್ ಸಾಯೆಜ್ ಮತ್ತು ಗೇಬ್ರಿಯಲ್ ಜುಕ್ಮನ್ ಅದರಿಂದ 2.75 ಲಕ್ಷ ಕೋಟಿ ಡಾಲರ್ ಬರುತ್ತದೆಂದು ಅಂದಾಜಿಸಿದ್ದರು. ನಾನು ಅದನ್ನು ವರ್ಷದ ವಸೂಲಿ ಎಂದು ನಮ್ಮ ಕಾಫಿ ಮೇಜಿನಲ್ಲಿ ಘಂಟಾಘೋಷವಾಗಿ ಹೇಳಿದೆ. ತಂದೆಯ ಜೊತೆ ಬಂದಿದ್ದ, ಸಿಎ ಪರೀಕ್ಷೆಗೆ ಓದುತ್ತಿದ್ದ ಮುಲುಂಡಿನ ಒಬ್ಬ ಹುಡುಗಿ ಅದು ಹತ್ತು ವರ್ಷದ ಮೊತ್ತ ಎಂದು ಮೆಲ್ಲನೆ ತಿದ್ದಿದಳು. ಅಂದಿನಿಂದ ನನ್ನ ಹಾಳೆಯಲ್ಲಿ ‘ವರ್ಷಕ್ಕೆ’ ಎಂಬುದು ಕೆಂಪು ಶಾಯಿಯಲ್ಲಿರುತ್ತದೆ.

ಯಾರ ಸಂಪತ್ತು, ಯಾವ ಮಿತಿಯ ಮೇಲಿನದು

ಬಲಭಾಗದಲ್ಲಿ ತೆರಿಗೆಯ ಬುನಾದಿಯನ್ನು ಬರೆಯಬೇಕು. ಕೈಗೆಟಕುವ ಅಂಕಿ ಎಂದರೆ ಫೋರ್ಬ್ಸ್ ಪತ್ರಿಕೆಯ ಶ್ರೀಮಂತರ ಪಟ್ಟಿ. 2024ರ ಪಟ್ಟಿಯಲ್ಲಿ ಭಾರತದ 200 ಮಂದಿ ಬಿಲಿಯನೇರ್‌ಗಳು, ಅಂದರೆ ನೂರು ಕೋಟಿ ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಆಸ್ತಿಯುಳ್ಳವರು, ಇದ್ದರು; ಅವರ ಒಟ್ಟು ಸಂಪತ್ತು 95,400 ಕೋಟಿ ಡಾಲರ್. ಡಾಲರಿಗೆ 83 ರೂಪಾಯಿಯಂತೆ ಅದು ಸುಮಾರು 79 ಲಕ್ಷ ಕೋಟಿ ರೂಪಾಯಿ ಆಗುತ್ತದೆ, ಶೇ 2 ಎಂದರೆ 1.58 ಲಕ್ಷ ಕೋಟಿ. ನರೇಗಾದ ಸುಮಾರು ಎರಡು ವರ್ಷದ ಹಣ. ಆಹಾರ ಸಬ್ಸಿಡಿಯ ಮುಕ್ಕಾಲು ಪಾಲು.

ಆದರೆ ಇಲ್ಲಿ ಒಂದು ಕ್ಷಣ ನಿಲ್ಲಬೇಕು. ತೆರಿಗೆ ಇಡೀ ಸಂಪತ್ತಿನ ಮೇಲೆಯೋ, ಮಿತಿಯನ್ನು ದಾಟಿದ ಭಾಗದ ಮೇಲೆ ಮಾತ್ರವೋ? ನಮ್ಮ ಹಳೆಯ ಕಾನೂನಿನಂತೆ ಮಿತಿಯ ಮೇಲಿನ ಭಾಗಕ್ಕಷ್ಟೇ ತೆರಿಗೆ ಎಂದಾದರೆ, ಆ 200 ಮಂದಿಯಲ್ಲಿ ಒಬ್ಬೊಬ್ಬರ ಮೊದಲ ನೂರು ಕೋಟಿ ಡಾಲರನ್ನು ಕಳೆಯಬೇಕು. ಆಗ ಉಳಿಯುವುದು 75,400 ಕೋಟಿ ಡಾಲರ್, ವಸೂಲಿ 1.25 ಲಕ್ಷ ಕೋಟಿ ರೂಪಾಯಿ. ಕಾನೂನಿನ ಒಂದು ಪದ ಬದಲಾದರೆ 33,000 ಕೋಟಿ ಆಚೀಚೆ ಆಗುತ್ತದೆ. ವಾಗ್ವಾದದಲ್ಲಿ ಯಾರೂ ಆ ಪದದ ಬಗ್ಗೆ ಮಾತಾಡುವುದಿಲ್ಲ.

ಮಿತಿಯನ್ನು ಕೆಳಗಿಳಿಸಿದರೆ ಅಂಕಿ ದೊಡ್ಡದಾಗುತ್ತದೆ. ವಿಶ್ವ ಅಸಮಾನತೆ ಪ್ರಯೋಗಾಲಯದ ಸಂಶೋಧಕರು, ಥಾಮಸ್ ಪಿಕೆಟ್ಟಿ ಅವರಲ್ಲೊಬ್ಬರು, 2022-23ರಲ್ಲಿ ಭಾರತದ ಒಟ್ಟು ಸಂಪತ್ತಿನ ಶೇ 40.1 ಭಾಗ ಮೇಲಿನ ಶೇ 1 ಜನರ ಕೈಯಲ್ಲಿದೆ ಎಂದು 2024ರಲ್ಲಿ ಅಂದಾಜಿಸಿದರು. ಅದೇ ವರ್ಷದ ಇನ್ನೊಂದು ಟಿಪ್ಪಣಿಯಲ್ಲಿ, 10 ಕೋಟಿ ರೂಪಾಯಿ ಮೀರಿದ ಸಂಪತ್ತಿನ ಮೇಲೆ ವರ್ಷಕ್ಕೆ ಶೇ 2 ತೆರಿಗೆ, ಅಷ್ಟೇ ಮಿತಿ ಮೀರಿದ ಪಿತ್ರಾರ್ಜಿತ ಆಸ್ತಿಯ ಮೇಲೆ ಶೇ 33 ತೆರಿಗೆ ಹಾಕಿದರೆ ಜಿಡಿಪಿಯ ಶೇ 2.73ರಷ್ಟು ಹಣ ಬರುತ್ತದೆಂದೂ, ವಯಸ್ಕರಲ್ಲಿ ಶೇ 99.96 ಮಂದಿಗೆ ಅದು ತಟ್ಟುವುದಿಲ್ಲವೆಂದೂ ಹೇಳಿದರು. ನಮ್ಮ 330 ಲಕ್ಷ ಕೋಟಿಗೆ ಅನ್ವಯಿಸಿದರೆ ಅದು ವರ್ಷಕ್ಕೆ 9 ಲಕ್ಷ ಕೋಟಿ ಆಗುತ್ತದೆ. ಈ ಅಂಕಿಯನ್ನು ಬಳಸುವಾಗ ಅದು ಎರಡು ತೆರಿಗೆಗಳ ಜಂಟಿ ಫಲ ಎಂಬುದನ್ನು ಬರೆದುಕೊಳ್ಳಿ, ಏಕೆಂದರೆ ಬಾಯಿಂದ ಬಾಯಿಗೆ ಬರುವಾಗ ಪಿತ್ರಾರ್ಜಿತ ತೆರಿಗೆ ದಾರಿಯಲ್ಲಿ ಬಿದ್ದುಹೋಗಿ ಶೇ 2 ಮಾತ್ರ ಉಳಿಯುತ್ತದೆ.

ವಿನಾಯಿತಿ ಮತ್ತು ಬೆಲೆ: ಇಲ್ಲಿ ಹೆಚ್ಚು ಹೊತ್ತು ಕಳೆಯಿರಿ

ನನ್ನ ಅನುಭವದಲ್ಲಿ ಸಂಪತ್ತು ತೆರಿಗೆಯ ಫಸಲನ್ನು ನಿರ್ಧರಿಸುವುದು ದರವಲ್ಲ. ಯಾವ ಆಸ್ತಿಯನ್ನು ಎಣಿಸುತ್ತಾರೆ, ಅದಕ್ಕೆ ಯಾವ ಬೆಲೆ ಕಟ್ಟುತ್ತಾರೆ ಎಂಬ ಎರಡು ಪ್ರಶ್ನೆಗಳು. ನಮ್ಮ ದೇಶದಲ್ಲಿ ಈ ತೆರಿಗೆ 59 ವರ್ಷ ಇತ್ತು. ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡಾರ್ 1956ರಲ್ಲಿ ಕೊಟ್ಟ ವರದಿಯ ಮೇಲೆ 1957ರಲ್ಲಿ ಬಂದ ಕಾನೂನು ಅದು. 1970ರ ದಶಕದ ಆರಂಭದಲ್ಲಿ ಗರಿಷ್ಠ ದರ ಶೇ 8ರವರೆಗೆ ಏರಿತ್ತು. ಕೊನೆಗೆ ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿ 2015ರ ಬಜೆಟ್‌ನಲ್ಲಿ ಅದನ್ನು ರದ್ದು ಮಾಡುವಾಗ 2013-14ರ ವಸೂಲಿ 1,008 ಕೋಟಿ ರೂಪಾಯಿ ಎಂದು ತಿಳಿಸಿದರು. ಆ ವರ್ಷದ ನೇರ ತೆರಿಗೆ ಸಂಗ್ರಹ 6.38 ಲಕ್ಷ ಕೋಟಿಯ ಆಸುಪಾಸಿನಲ್ಲಿತ್ತು. ನೂರು ರೂಪಾಯಿಯಲ್ಲಿ ಹದಿನಾರು ಪೈಸೆ.

ಇಷ್ಟು ಕಡಿಮೆ ಬಂದದ್ದಕ್ಕೆ ಕಾರಣವನ್ನು ಶ್ರೀಮಂತರ ಜಾಣತನದಲ್ಲಿ ಮಾತ್ರ ಹುಡುಕಬಾರದು. ತೆರಿಗೆ ಸುಧಾರಣೆಗೆ ನೇಮಿಸಿದ್ದ ಚೆಲ್ಲಯ್ಯ ಸಮಿತಿಯ ಶಿಫಾರಸಿನಂತೆ 1993ರ ಏಪ್ರಿಲ್‌ನಿಂದ ಷೇರು, ಬಾಂಡ್, ಬ್ಯಾಂಕ್ ಠೇವಣಿಗಳನ್ನು ‘ಉತ್ಪಾದಕ’ ಎಂದು ಹೊರಗಿಡಲಾಯಿತು. ಉಳಿದದ್ದು ಒಂದು ಮನೆಯನ್ನು ಬಿಟ್ಟು ಮಿಕ್ಕ ಮನೆಗಳು, ಕಾರು, ಒಡವೆ, ವಿಹಾರ ನೌಕೆ, ವಿಮಾನ, ನಗರದ ಖಾಲಿ ಜಾಗ, 50,000 ರೂಪಾಯಿ ಮೀರಿದ ನಗದು. ದಲಾಲ್ ಸ್ಟ್ರೀಟಿನಲ್ಲಿ ನೂರಾರು ಕೋಟಿಯ ಷೇರು ಇಟ್ಟವನು ರಿಟರ್ನ್‌ನಲ್ಲಿ ಸೊನ್ನೆ ತೋರಿಸಬಹುದಿತ್ತು, ಅದೂ ಕಾನೂನುಬದ್ಧವಾಗಿ. ಎರಡನೆಯ ಫ್ಲ್ಯಾಟು ಮತ್ತು ಹೆಂಡತಿಯ ಬಳೆಗಳಿದ್ದ ಹೋಟೆಲ್ ಮಾಲೀಕ ನಮ್ಮ ಕಚೇರಿಯ ಬೆಂಚಿನಲ್ಲಿ ಕೂರಬೇಕಾಗುತ್ತಿತ್ತು. ಒಡವೆಯ ಮೊತ್ತ ದೊಡ್ಡದಾದರೆ ನೋಂದಾಯಿತ ಮೌಲ್ಯಮಾಪಕರ ವರದಿ ಬೇಕು. ಮೌಲ್ಯಮಾಪಕರ ಶುಲ್ಕ, ನಮ್ಮ ಶುಲ್ಕ ಎರಡನ್ನೂ ಕೂಡಿಸಿದರೆ ಅದು ಕಟ್ಟಬೇಕಾದ ತೆರಿಗೆಗಿಂತ ಹೆಚ್ಚಾದ ಪ್ರಸಂಗಗಳನ್ನು ನಾನೇ ಕಂಡಿದ್ದೇನೆ. ಆದ್ದರಿಂದ ಯಾರಾದರೂ ಹೊಸ ಪ್ರಸ್ತಾವ ತಂದರೆ ನೀವು ಮೊದಲು ಓದಬೇಕಾದದ್ದು ಅದರ ವಿನಾಯಿತಿಯ ಪಟ್ಟಿ. ಷೇರು ಆ ಪಟ್ಟಿಯಲ್ಲಿದ್ದರೆ ಮೇಲಿನ 1.58 ಲಕ್ಷ ಕೋಟಿಯನ್ನು ಹೊಡೆದುಹಾಕಿ, ಏಕೆಂದರೆ ಫೋರ್ಬ್ಸ್ ಪಟ್ಟಿಯ ಸಂಪತ್ತಿನ ಬಹುಭಾಗ ಷೇರುಗಳೇ.

ಇನ್ನು ಬೆಲೆ. ಇದನ್ನು ಮುಂಬಯಿಯವರಿಗೆ ವಿವರಿಸುವುದು ಸುಲಭ. ಆ ಕಾನೂನಿನ ಮೂರನೆಯ ಅನುಸೂಚಿಯ ಪ್ರಕಾರ ಸ್ವಂತ ಜಾಗದಲ್ಲಿರುವ ಕಟ್ಟಡದ ಮೌಲ್ಯವೆಂದರೆ ಅದರ ನಿವ್ವಳ ವಾರ್ಷಿಕ ಬಾಡಿಗೆಯ ಹನ್ನೆರಡೂವರೆ ಪಟ್ಟು. 1974ರ ಮಾರ್ಚ್ ನಂತರ ಕೊಂಡ ಅಥವಾ ಕಟ್ಟಿದ ಕಟ್ಟಡವಾದರೆ, ಅದಕ್ಕೆ ತಗುಲಿದ ಹಣ ಹೆಚ್ಚಿದ್ದಲ್ಲಿ ಆ ಹಣವನ್ನೇ ಹಿಡಿಯಬೇಕು. ಹಳೆಯದಕ್ಕೆ ಆ ಕಾಟವಿಲ್ಲ. ಈಗ ಮಾಟುಂಗದಲ್ಲಿ ಸ್ವಾತಂತ್ರ್ಯಕ್ಕೆ ಮೊದಲೇ ಕಟ್ಟಿದ ಒಂದು ಚಾಳು, ಅದರಲ್ಲಿ ಪಗಡಿಯ ಮೇಲೆ, ಅಂದರೆ ಮೊದಲೇ ದೊಡ್ಡ ಮೊತ್ತ ಕೊಟ್ಟು ಸಣ್ಣ ಬಾಡಿಗೆಗೆ, ಕೂತ 12 ಬಿಡಾರ, ಒಂದೊಂದರ ಬಾಡಿಗೆ ತಿಂಗಳಿಗೆ 200 ರೂಪಾಯಿ ಎಂದಿಟ್ಟುಕೊಳ್ಳಿ. ಬಾಡಿಗೆ ನಿಯಂತ್ರಣ ಕಾನೂನಿನ ಕೆಳಗೆ ಇಂತಹ ಬಾಡಿಗೆ ಈ ಊರಿನಲ್ಲಿ ಯಾರಿಗೂ ಆಶ್ಚರ್ಯವಲ್ಲ. ವರ್ಷದ ಬಾಡಿಗೆ 28,800. ಅದರ ಶೇ 15, ಅಂದರೆ 4,320 ಕಳೆಯಿರಿ. ಪಾಲಿಕೆಯ ತೆರಿಗೆ 4,480 ಎಂದು ಅದನ್ನೂ ಕಳೆಯಿರಿ. ಉಳಿದ 20,000ವನ್ನು ಹನ್ನೆರಡೂವರೆಯಿಂದ ಗುಣಿಸಿದರೆ ಎರಡೂವರೆ ಲಕ್ಷ ರೂಪಾಯಿ! ಪುನರ್‌ನಿರ್ಮಾಣಕ್ಕೆ ಬಿಲ್ಡರ್ ಬಂದರೆ ಅದೇ ಜಾಗಕ್ಕೆ ಕೋಟಿಗಳಲ್ಲಿ ಮಾತು ಶುರುವಾಗುತ್ತದೆ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ, ಯಾರೂ ಏನನ್ನೂ ಬಚ್ಚಿಟ್ಟಿಲ್ಲ. ಸೂತ್ರವೇ ಕೋಟಿಯನ್ನು ಲಕ್ಷ ಮಾಡಿತು.

ಸೂತ್ರವನ್ನು ಮಾರುಕಟ್ಟೆಯ ಕಡೆಗೆ ತಿರುಗಿಸಿದರೆ ಬೇರೊಂದು ತೊಡಕು ಬರುತ್ತದೆ. ಮುಂಬಯಿ ಮಹಾನಗರಪಾಲಿಕೆ 2010ರಿಂದ ಆಸ್ತಿ ತೆರಿಗೆಯನ್ನು ಬಂಡವಾಳ ಮೌಲ್ಯದ ಮೇಲೆ, ರೆಡಿ ರೆಕನರ್ ದರವನ್ನು (ಸರ್ಕಾರ ಪ್ರಕಟಿಸುವ ಮಾರ್ಗಸೂಚಿ ಬೆಲೆಯನ್ನು) ಆಧರಿಸಿ ಹಾಕುತ್ತಿದೆ. ಸಣ್ಣ ಪ್ರಮಾಣದಲ್ಲಿ ಇದೂ ಒಂದು ಸಂಪತ್ತು ತೆರಿಗೆಯೇ. ಮುಂದೆ ಎಷ್ಟು ಕಟ್ಟಬಹುದು ಎಂಬ ಸಾಧ್ಯತೆಯನ್ನೂ ಜಾಗದ ಬೆಲೆಗೆ ಸೇರಿಸುವ ನಿಯಮಗಳನ್ನು ಬಾಂಬೆ ಹೈಕೋರ್ಟ್ 2019ರಲ್ಲಿ ಹೊಡೆದುಹಾಕಿತು, ಸುಪ್ರೀಂ ಕೋರ್ಟ್ 2022ರಲ್ಲಿ ಅದನ್ನೇ ಎತ್ತಿಹಿಡಿಯಿತು. ಅದೇ 2022ರ ಆರಂಭದಿಂದ 500 ಚದರ ಅಡಿಯವರೆಗಿನ ಮನೆಗಳಿಗೆ ಈ ತೆರಿಗೆಯಿಂದ ವಿನಾಯಿತಿ ಸಿಕ್ಕಿತು. ನಮ್ಮ ಮೇಜಿನ ಅರ್ಧ ಜನ ಅದರ ಫಲಾನುಭವಿಗಳು, ಆದರೂ ಚಿಕ್ಕವರಿಗೆ ವಿನಾಯಿತಿ ಕೊಟ್ಟರೆ ಬುನಾದಿ ಸಣ್ಣದಾಗುತ್ತದೆ ಎಂಬ ಮಾತನ್ನು ಒಪ್ಪುವುದು ಅವರಿಗೆ ಕಷ್ಟ. ಜರ್ಮನಿಯಲ್ಲೂ ಕಥೆ ಬೇರೆಯಲ್ಲ: ನಿವೇಶನಗಳಿಗೆ ದಶಕಗಳ ಹಿಂದಿನ ಬೆಲೆ, ಷೇರುಗಳಿಗೆ ಇಂದಿನ ಬೆಲೆ ಹಿಡಿಯುವುದು ಸಮಾನತೆಗೆ ವಿರುದ್ಧವೆಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 1995ರಲ್ಲಿ ತೀರ್ಪಿತ್ತ ಮೇಲೆ, 1997ರಿಂದ ತೆರಿಗೆ ವಸೂಲಿಯೇ ನಿಂತಿತು.

ಸೋರಿಕೆಯನ್ನು ಕಳೆಯಿರಿ

ಜನ ತೆರಿಗೆ ತಪ್ಪಿಸಿಕೊಳ್ಳುವುದರಿಂದ ಕೈತಪ್ಪುವ ಪಾಲೇ ಸೋರಿಕೆ. ಇದಕ್ಕೆ ಒಂದೇ ಅಂಕಿ ಇಟ್ಟುಕೊಳ್ಳಬೇಡಿ, ಮೂರು ಇಟ್ಟುಕೊಳ್ಳಿ. ಸಾಯೆಜ್ ಮತ್ತು ಜುಕ್ಮನ್ ತಮ್ಮ ಅಮೆರಿಕದ ಲೆಕ್ಕದಲ್ಲಿ ಶೇ 15 ಸೋರಿಕೆ ಹಿಡಿದಿದ್ದರು. ಅಲ್ಲಿನವರೇ ಆದ ಲಾರೆನ್ಸ್ ಸಮ್ಮರ್ಸ್ ಮತ್ತು ನತಾಶಾ ಸರಿನ್ ಅದು ತೀರಾ ಆಶಾವಾದ ಎಂದು ವಾದಿಸಿದರು. ಸ್ವಿಟ್ಜರ್ಲೆಂಡಿನ ಕ್ಯಾಂಟನ್‌ಗಳನ್ನು (ನಮ್ಮ ರಾಜ್ಯಗಳಂಥವು) ಹೋಲಿಸಿದ ಒಂದು ಅಧ್ಯಯನದಲ್ಲಿ ದರವನ್ನು ಒಂದು ಶೇಕಡಾ ಅಂಶ ಇಳಿಸಿದರೆ ಆರು ವರ್ಷಗಳಲ್ಲಿ ಜನ ಘೋಷಿಸಿಕೊಳ್ಳುವ ಸಂಪತ್ತು ಶೇ 40ಕ್ಕಿಂತ ಹೆಚ್ಚಾಯಿತು ಎಂದು ಕಂಡುಬಂದಿದೆ. ಹಾಗಾಗಿ ಶೇ 15, ಶೇ 30, ಶೇ 50 ಎಂದು ಮೂರು ಸಾಲು ಹಾಕಿ. ನಮ್ಮ 1.58 ಲಕ್ಷ ಕೋಟಿ ಕ್ರಮವಾಗಿ 1.34 ಲಕ್ಷ ಕೋಟಿ, 1.1 ಲಕ್ಷ ಕೋಟಿ, 79,000 ಕೋಟಿ ಆಗುತ್ತದೆ. ನಾನು ಮಧ್ಯದ ಸಾಲನ್ನು ನೆಚ್ಚುತ್ತೇನೆ, ಅದಕ್ಕೆ ಗುಮಾಸ್ತಿಕೆಯ ಅಭ್ಯಾಸವನ್ನು ಬಿಟ್ಟರೆ ಬೇರೆ ಆಧಾರವಿಲ್ಲ.

ದುಬೈಗೆ ಓಡುವ ಮಾತನ್ನು ಇಲ್ಲಿಯೇ ಮುಗಿಸೋಣ. ನಾರ್ವೆ 2022ರಲ್ಲಿ ಗರಿಷ್ಠ ದರವನ್ನು ಶೇ 1.1ಕ್ಕೆ ಏರಿಸಿದಾಗ ಅಲ್ಲಿನ ಹಲವು ಭಾರೀ ಶ್ರೀಮಂತರು ದೇಶ ಬಿಟ್ಟದ್ದು ನಿಜ. ಅವರಲ್ಲಿ ಬಹಳ ಮಂದಿ ಹೋದದ್ದು ಸ್ವಿಟ್ಜರ್ಲೆಂಡಿಗೆ, ಅಂದರೆ ಸಂಪತ್ತು ತೆರಿಗೆ ಇರುವ ಇನ್ನೊಂದು ದೇಶಕ್ಕೇ. ದರ, ಮಿತಿ, ಷೇರು ಮಾರಿದ ಲಾಭದ ಮೇಲಿನ ತೆರಿಗೆ ಎಲ್ಲವನ್ನೂ ಒಟ್ಟಿಗೆ ತೂಗಿಯೇ ಜನ ಹೊರಡುತ್ತಾರೆ. ದೇಶ ಬಿಡುವವರಿಗೂ ಕೆಲವು ವರ್ಷ ತೆರಿಗೆ ಮುಂದುವರಿಯುವಂತೆ ಕಾನೂನಿನಲ್ಲಿ ಬರೆಯಬಹುದು. ಪ್ರಸ್ತಾವದಲ್ಲಿ ಆ ಕಲಮು ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಮೂರನೆಯ ಸಾಲಿಗೆ ಇಳಿಯಿರಿ.

ಬಂದ ಉತ್ತರವನ್ನು ಹೊರಗಿನ ಅಳತೆಗೋಲಿಗೆ ಹಿಡಿಯಿರಿ

ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿ 2018ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 1990ರಲ್ಲಿ ಅದರ 12 ಸದಸ್ಯ ದೇಶಗಳಲ್ಲಿದ್ದ ನಿವ್ವಳ ಸಂಪತ್ತು ತೆರಿಗೆ 2017ರ ಹೊತ್ತಿಗೆ ನಾಲ್ಕರಲ್ಲಿ ಮಾತ್ರ ಉಳಿದಿತ್ತು. ಸ್ಪೇನಿನಲ್ಲಿ ಅದರ ಫಸಲು ಜಿಡಿಪಿಯ ಸುಮಾರು ಶೇ 0.2, ಸ್ವಿಟ್ಜರ್ಲೆಂಡಿನಲ್ಲಿ ಸುಮಾರು ಶೇ 1. ಸ್ವಿಸ್ ತೆರಿಗೆ ಕೋಟ್ಯಧಿಪತಿಗಳಿಗೆ ಮಾತ್ರ ಎಂಬುದು ತಪ್ಪು ತಿಳಿವಳಿಕೆ. ಅಲ್ಲಿ ಮಿತಿ ಕೆಳಗಿದೆ, ಮಧ್ಯಮ ವರ್ಗದ ಉಳಿತಾಯವೂ ಎಣಿಕೆಗೆ ಬರುತ್ತದೆ. ನಿಮ್ಮ ಹಾಳೆಯ ಉತ್ತರ ಜಿಡಿಪಿಯ ಶೇ 1 ದಾಟಿದರೆ, ಜಗತ್ತಿನಲ್ಲಿ ಇಂದಿನವರೆಗೆ ಈ ತೆರಿಗೆಯನ್ನು ಚೆನ್ನಾಗಿ ವಸೂಲು ಮಾಡಿದವರಿಗಿಂತ ಹೆಚ್ಚನ್ನು ನೀವು ನಿರೀಕ್ಷಿಸುತ್ತಿದ್ದೀರಿ ಎಂದು ಪಕ್ಕದಲ್ಲಿ ಗುರುತು ಮಾಡಿ. ಭಾರತದಲ್ಲಿ ಸಂಪತ್ತು ಹೆಚ್ಚು ಕೇಂದ್ರೀಕೃತವಾಗಿದೆ, ಸೂಚಿಸಿದ ದರವೂ ಹೆಚ್ಚು, ಆದ್ದರಿಂದ ಶೇ 2.73 ಅಸಾಧ್ಯ ಎಂದು ನಾನು ಹೇಳಲಾರೆ. ಆದರೆ ಮೊದಲ ಐದು ವರ್ಷದ ಬಜೆಟ್ಟಿನಲ್ಲಿ ಅದನ್ನು ನಂಬಿ ಖರ್ಚು ಬರೆಯುವ ಹಣಕಾಸು ಮಂತ್ರಿಗೆ ನಾನು ಸಾಲ ಕೊಡಲಾರೆ. ಷೇರುಪೇಟೆ ಬಿದ್ದ ವರ್ಷ ವಸೂಲಿಯೂ ಬೀಳುತ್ತದೆ, ತಿಂಗಳ ಕಂತು ಮಾತ್ರ ನಿಲ್ಲುವಂತಿಲ್ಲ.

ನೇರ ವಸೂಲಿಯ ಆಚೆಗೂ ಒಂದು ಲಾಭವಿದೆ, ಅದಕ್ಕೆ ಹಾಳೆಯಲ್ಲಿ ಅಂಕಿ ಬರೆಯಲಾಗದು. ಕಾಲ್ಡಾರ್ ಹೇಳಿದ್ದು ಆದಾಯ, ಸಂಪತ್ತು, ದಾನ, ವೆಚ್ಚ ಇವುಗಳ ತೆರಿಗೆಗಳು ಒಂದಕ್ಕೊಂದು ಕಾವಲು ನಿಲ್ಲಬೇಕೆಂದು. ವರ್ಷಕ್ಕೆ ಹತ್ತು ಲಕ್ಷ ಆದಾಯ ತೋರಿಸಿದವನ ಆಸ್ತಿ ಎರಡು ಕೋಟಿ ಏರಿದರೆ ಅಧಿಕಾರಿ ಕೇಳಬಹುದು. ಆದಾಯ ತೆರಿಗೆಯ ಗರಿಷ್ಠ ದರ ಶೇ 45 ಮೀರಬಾರದು ಎಂದೂ ಅವರು ಹೇಳಿದ್ದರು. ನಾವು ಹೊಸ ತೆರಿಗೆಗಳನ್ನು ತೆಗೆದುಕೊಂಡು ಆ ಮಾತನ್ನು ಬಿಟ್ಟೆವು.

ಕೊನೆಯ ಸಾಲು: ಹಣ ಯಾರ ಖಜಾನೆಗೆ

ಇದನ್ನು ಕಾಫಿ ಮೇಜಿನಲ್ಲಿ ನಾನು ಹೇಳುವವರೆಗೆ ಯಾರೂ ಎತ್ತಿರಲಿಲ್ಲ. ಕೃಷಿ ಭೂಮಿಯನ್ನು ಬಿಟ್ಟು ಉಳಿದ ಆಸ್ತಿಗಳ ಬಂಡವಾಳ ಮೌಲ್ಯದ ಮೇಲೆ ತೆರಿಗೆ ಹಾಕುವ ಅಧಿಕಾರ ಸಂವಿಧಾನದ ಕೇಂದ್ರ ಪಟ್ಟಿಯ 86ನೆಯ ನಮೂದಿನಲ್ಲಿದೆ, ಎಂದರೆ ಅದು ದೆಹಲಿಯದು. ಲಾಡಕಿ ಬಹೀಣ್ ಮತ್ತು ಗೃಹಲಕ್ಷ್ಮಿ ರಾಜ್ಯಗಳವು. ಸೆಸ್ ಮತ್ತು ಸರ್ಚಾರ್ಜ್ ಬಿಟ್ಟು ಕೇಂದ್ರ ತೆರಿಗೆಗಳಲ್ಲಿ ರಾಜ್ಯಗಳಿಗೆ ಪಾಲು ಸಿಗುತ್ತದೆ. ಸಂಪತ್ತು ತೆರಿಗೆಯಲ್ಲೂ ಸಿಗುತ್ತಿತ್ತು. ಜೇಟ್ಲಿಯವರು ಅದರ ಬದಲಿಗೆ ಕೋಟಿ ಮೀರಿದ ಆದಾಯದವರ ಮೇಲೆ ಶೇ 2 ಹೆಚ್ಚುವರಿ ಸರ್ಚಾರ್ಜ್ ಹಾಕಿ, ಸುಮಾರು 9,000 ಕೋಟಿ ಬರುತ್ತದೆಂದರು. ಒಂಬತ್ತು ಪಟ್ಟು ಹಣ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಹಂಚಿಕೊಳ್ಳುವ ತೆರಿಗೆ ಹೋಗಿ ಹಂಚಬೇಕಿಲ್ಲದ ತೆರಿಗೆ ಬಂದದ್ದರ ಮೇಲೆ ಯಾರ ಕಣ್ಣೂ ಬೀಳಲಿಲ್ಲ.

ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲನ್ನು ಸೂಚಿಸುವ 15ನೇ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಅವಧಿಗೆ ರಾಜ್ಯಗಳ ಒಟ್ಟು ಪಾಲನ್ನು ಶೇ 41 ಎಂದಿಟ್ಟಿತು; ಅದರೊಳಗೆ ಮಹಾರಾಷ್ಟ್ರಕ್ಕೆ ಶೇ 6.317, ಕರ್ನಾಟಕಕ್ಕೆ ಶೇ 3.647. ಮುಂದಿನ ವರ್ಷಗಳಿಗೆ ಲೆಕ್ಕ ಹಾಕುವವರು ಹೊಸ ಆಯೋಗದ ಪಾಲನ್ನು ಈ ಜಾಗದಲ್ಲಿ ಹಾಕಿಕೊಳ್ಳಬೇಕು. ಸೋರಿಕೆ ಏನೂ ಇಲ್ಲ ಎಂದೇ ಹಿಡಿದು 1.58 ಲಕ್ಷ ಕೋಟಿಯ ಶೇ 41 ತೆಗೆದರೆ 64,780 ಕೋಟಿ. ಅದರಲ್ಲಿ ಮಹಾರಾಷ್ಟ್ರಕ್ಕೆ ಸುಮಾರು 4,090 ಕೋಟಿ, ಕರ್ನಾಟಕಕ್ಕೆ ಸುಮಾರು 2,360 ಕೋಟಿ. ಈಗ ಹಾಳೆಯ ಎಡಭಾಗಕ್ಕೆ ಹೋಗಿ: ಲಾಡಕಿ ಬಹೀಣ್ ಯೋಜನೆಯ ಒಂದು ತಿಂಗಳ ಕಂತಿಗೆ 3,600 ಕೋಟಿ ಬೇಕು, ಗೃಹಲಕ್ಷ್ಮಿಯ ಒಂದು ತಿಂಗಳಿಗೆ 2,384 ಕೋಟಿ. ಇನ್ನೂರು ಮಂದಿ ಬಿಲಿಯನೇರ್‌ಗಳ ಶೇ 2 ತೆರಿಗೆ ಪೂರ್ತಿ ವಸೂಲಾದರೂ ಡೊಂಬಿವಲಿಯ ಸೊಸೆಗೆ ವರ್ಷದಲ್ಲಿ ಒಂದು ಕಂತು ಬಂದು ಸ್ವಲ್ಪ ಮಿಗುತ್ತದೆ. ಕುಂದಾಪುರದ ಅತ್ತಿಗೆಗೆ ಒಂದು ಕಂತಿಗೂ ಇಪ್ಪತ್ತು ರೂಪಾಯಿಯಷ್ಟು ಕಡಿಮೆ ಬೀಳುತ್ತದೆ.